ನೆಂಟರಿಗೆ ಒಂದು ಸಿಹಿ, ಒಂದು ಖಾರ: ಅಡುಗೆಮನೆಯಲ್ಲೇ ಸಿಕ್ಕಿಹಾಕಿಕೊಳ್ಳದ ಹಾಗೆ

ಕೆಲವು ವರ್ಷದ ಹಿಂದೆ ನಮ್ಮ ಮನೆಗೆ ಎಂಟು ಜನ ನೆಂಟರು ಸಂಜೆ ತಿಂಡಿಗೆ ಬಂದಿದ್ದರು. ಬಿಸಿಬಿಸಿ ಆಲೂ ಬೋಂಡ, ಬಿಸಿಬಿಸಿ ಜಾಮೂನು ಅಂತ ನಾನು ಭಾರೀ ಲೆಕ್ಕಾಚಾರ ಹಾಕಿದ್ದೆ. ಕೊನೆಗೆ ಆಗಿದ್ದೇ ಬೇರೆ. ಅವರೆಲ್ಲ ನಡುಮನೆಯಲ್ಲಿ ಕೂತು ಹರಟುತ್ತಿದ್ದರು, ನಾನು ಎರಡು ಬಾಣಲೆ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಕೊನೆಯ ಬೋಂಡ ಎಣ್ಣೆಯಿಂದ ಎದ್ದಾಗ ಮೊದಲು ತಿಂದವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಹೊರಡುವ ಮುಂಚೆ ದೊಡ್ಡಮ್ಮ ಅಡುಗೆಮನೆಗೆ ಬಂದು, "ಅಲ್ಲ ಕಣೇ, ನೀನು ಒಲೆ ಜೊತೆನೇ ಇರೋದಾದ್ರೆ ನಮ್ಮನ್ನ ಯಾಕೆ ಕರೆದೆ?" ಅಂದರು. ನಗುನಗುತ್ತಲೇ ಅಂದಿದ್ದು. ಆದರೂ ತಾಗಿತು.

ಅವತ್ತಿನಿಂದ ತಿಂಡಿ ಆರಿಸುವ ರೀತಿಯನ್ನೇ ಬದಲಾಯಿಸಿಕೊಂಡೆ. ರುಚಿಯ ಮಾತು ಆಮೇಲೆ. ಮೊದಲು ಕೇಳಿಕೊಳ್ಳುವ ಪ್ರಶ್ನೆ: ಈ ತಿಂಡಿ ಎಷ್ಟು ಹೊತ್ತು ಕಾಯುತ್ತದೆ? ಸಿಹಿ ಸಾಮಾನ್ಯವಾಗಿ ಕಾಯುತ್ತದೆ. ಖಾರಕ್ಕೆ ಆ ತಾಳ್ಮೆ ಇಲ್ಲ. ಹಾಗಾಗಿ ಸಿಹಿಯನ್ನು ಮುಂಚೆಯೇ ಮುಗಿಸಬೇಕು. ಖಾರವನ್ನು ಕೊನೆಯ ಒಂದು ಹೆಜ್ಜೆ ಉಳಿಯುವ ತನಕ ತಂದು ನಿಲ್ಲಿಸಬೇಕು. ಈ ಲೇಖನ ಪೂರ್ತಿ ಇದೇ ಲೆಕ್ಕದ ಮೇಲೆ ನಡೆಯುತ್ತದೆ.

ಮೊದಲು ಮೂರು ಗುಂಪು ಮಾಡಿಕೊಳ್ಳಿ

ನಿಮಗೆ ಮಾಡಲು ಬರುವ ತಿಂಡಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೂರು ಗುಂಪಾಗಿ ಒಡೆಯಿರಿ.

ದಿನಗಟ್ಟಲೆ ಕಾಯುವವು: ರವೆ ಉಂಡೆ, ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ, ಖಾರ ಹಾಕಿ ಹುರಿದ ಅವಲಕ್ಕಿ.

ಗಂಟೆಗಟ್ಟಲೆ ಕಾಯುವವು: ಹಯಗ್ರೀವ, ಪಾಯಸ, ಗೊಜ್ಜವಲಕ್ಕಿ. ಮತ್ತೆ ಬಿಸಿ ಮಾಡುವ ಉಪಾಯ ಗೊತ್ತಿದ್ದರೆ ಕೇಸರಿಬಾತ್ ಕೂಡ.

ನಿಮಿಷವೂ ಕಾಯದವು: ಬಜ್ಜಿ, ಬೋಂಡ, ದೋಸೆ, ಪೂರಿ, ಚುರುಮುರಿ.

ಮೂರನೇ ಗುಂಪಿನಿಂದ ಒಂದಕ್ಕಿಂತ ಜಾಸ್ತಿ ಎತ್ತಿಕೊಳ್ಳಬೇಡಿ. ಆರು ಜನಕ್ಕಿಂತ ಹೆಚ್ಚು ಬರುವುದಾದರೆ ಅದೂ ಬೇಡ. ಎಂಟು ಜನಕ್ಕೆ ತಲಾ ನಾಲ್ಕು ಬಜ್ಜಿ ಅಂದರೂ ಮೂವತ್ತೆರಡು ಬಜ್ಜಿ. ಒಂದು ಸಲಕ್ಕೆ ಆರು ಬಿಟ್ಟರೆ ಆರು ಸುತ್ತು, ಸುತ್ತಿಗೆ ನಾಲ್ಕೈದು ನಿಮಿಷ. ಅರ್ಧ ಗಂಟೆ ಎಣ್ಣೆ ಮುಂದೆ ನಿಂತೇ ಕಳೆಯುತ್ತದೆ. ನಾನು ಮಾಡಿದ ತಪ್ಪು ಅದೇ ತಾನೆ.

ಅಳತೆಯ ಬಗ್ಗೆ ಒಂದು ಮಾತು. ಇಲ್ಲಿ ಬಟ್ಟಲು ಅಂದರೆ ಸುಮಾರು 200 ಮಿಲಿ ಲೀಟರ್ ಹಿಡಿಯುವ ಯಾವುದೇ ಲೋಟ ಅಥವಾ ಕಪ್ಪು. ಶುರುವಿನಿಂದ ಕೊನೆ ತನಕ ಅದೊಂದನ್ನೇ ಬಳಸಿ. ಕೆಳಗಿನ ಅಳತೆಗಳು ಐದಾರು ಜನಕ್ಕೆ, ಒಂದು ಸಿಹಿ ಒಂದು ಖಾರ ಎರಡೂ ಇರುತ್ತದೆ ಎಂಬ ಲೆಕ್ಕದಲ್ಲಿ. ಎರಡರಷ್ಟು ಮಾಡುವಾಗ ನೀರು, ಉಪ್ಪು, ಖಾರವನ್ನು ಕಣ್ಣು ಮುಚ್ಚಿ ಎರಡರಷ್ಟು ಹಾಕಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಅಷ್ಟೊಂದು ಆವಿಯಾಗಿ ಹೋಗುವುದಿಲ್ಲ. ಸ್ವಲ್ಪ ಹಿಡಿದು ಹಾಕಿ, ರುಚಿ ನೋಡಿ, ಆಮೇಲೆ ಸೇರಿಸಿ.

ಹಯಗ್ರೀವ: ಬೆಳಿಗ್ಗೆಯೇ ಮುಗಿಸಿಡುವ ಸಿಹಿ

ನನ್ನ ಮಟ್ಟಿಗೆ ನೆಂಟರ ಸಿಹಿಗಳಲ್ಲಿ ಇದೇ ಮೊದಲು. ಪಾಕದ ಎಳೆ ನೋಡುವ ಕಾಟ ಇಲ್ಲ, ಕರಿಯುವುದಿಲ್ಲ, ಬೆಳಿಗ್ಗೆ ಮಾಡಿದ್ದು ಸಂಜೆಗೆ ಇನ್ನೂ ರುಚಿ. ಸೋದೆಯ ವಾದಿರಾಜರು ಇದನ್ನು ಹಯಗ್ರೀವ ದೇವರಿಗೆ ನೈವೇದ್ಯ ಮಾಡುತ್ತಿದ್ದರು, ದೇವರು ಕುದುರೆಯ ರೂಪದಲ್ಲಿ ಬಂದು ತಿನ್ನುತ್ತಿದ್ದ ಎಂಬ ಕತೆಯಿಂದ ಈ ಹೆಸರು. ಕುದುರೆಗೆ ಕಡಲೆ ಇಷ್ಟ, ಅಲ್ವಾ? ಕತೆ ಹೇಳುತ್ತಾ ಬಡಿಸಿದರೆ ಮಕ್ಕಳು ಇನ್ನೊಂದು ಚಮಚ ಕೇಳುತ್ತಾರೆ.

ಬೇಕಾಗುವುದು: ಕಡಲೆಬೇಳೆ ಒಂದು ಬಟ್ಟಲು, ಪುಡಿ ಮಾಡಿದ ಬೆಲ್ಲ ಒಂದು ಬಟ್ಟಲು ತುಂಬ, ಕೊಬ್ಬರಿ ತುರಿ ಕಾಲು ಬಟ್ಟಲು, ಗಸಗಸೆ ಎರಡು ಚಮಚ, ತುಪ್ಪ ಕಾಲು ಬಟ್ಟಲು, ಲವಂಗ ಮೂರು, ಏಲಕ್ಕಿ ನಾಲ್ಕು, ಗೋಡಂಬಿ ಮತ್ತು ದ್ರಾಕ್ಷಿ ಒಂದು ಹಿಡಿ.

1. ಬೇಳೆ ತೊಳೆದು ಒಂದು ಗಂಟೆ ನೆನೆಸಿ. ಮೂರು ಬಟ್ಟಲು ನೀರು, ಅರ್ಧ ಚಮಚ ತುಪ್ಪ ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ.

2. ಮುಚ್ಚಳ ತೆಗೆದು ಒಂದು ಬೇಳೆಯನ್ನು ಬೆರಳಲ್ಲಿ ಒತ್ತಿ ನೋಡಿ. ನೋಡಲು ಇಡಿಯಾಗಿರಬೇಕು, ಒತ್ತಿದರೆ ಬೆಣ್ಣೆಯ ಹಾಗೆ ನುಣ್ಣಗಾಗಬೇಕು. ಗಟ್ಟಿ ಇದ್ದರೆ ಇನ್ನೊಂದು ಸೀಟಿ ಕೂಗಿಸಿ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ಸರಿಪಡಿಸಲು ಆಗುವುದೇ ಇಲ್ಲ.

3. ನೀರು ಬಸಿಯಿರಿ. ಚೆಲ್ಲಬೇಡಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಅದಕ್ಕೆ ಕೆಲಸ ಇದೆ.

4. ದಪ್ಪ ತಳದ ಪಾತ್ರೆಯಲ್ಲಿ ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಸೋಸಿ. ಕಲ್ಲು, ಕಸ ಹೋಗುತ್ತದೆ. ಮತ್ತೆ ಒಲೆಗಿಟ್ಟು ಬೇಳೆ ಸೇರಿಸಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈಯಾಡಿಸಿ.

5. ಹುರಿದ ಗಸಗಸೆ, ಕೊಬ್ಬರಿ, ಜಜ್ಜಿದ ಲವಂಗ, ಏಲಕ್ಕಿ ಹಾಕಿ. ತುಪ್ಪದಲ್ಲಿ ಗೋಡಂಬಿ, ದ್ರಾಕ್ಷಿ ಹುರಿದು ತುಪ್ಪದ ಸಮೇತ ಸುರಿಯಿರಿ. ಇನ್ನೂ ಸ್ವಲ್ಪ ಸಡಿಲ ಇರುವಾಗಲೇ ಇಳಿಸಿ. ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ.

ಬೇಳೆ ಬೇಯುವ ಮುಂಚೆ ಬೆಲ್ಲ ಹಾಕಿದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ಸಮಯ ಉಳಿಸೋಣ ಅಂತ ಒಮ್ಮೆ ಎರಡನ್ನೂ ಒಟ್ಟಿಗೇ ಕುಕ್ಕರಿಗೆ ಹಾಕಿದ್ದೆ. ಎಂಟು ಸೀಟಿ ಕೂಗಿದರೂ ಬೇಳೆ ಹಲ್ಲಿಗೆ ಕಟಕಟ ಅನ್ನುತ್ತಿತ್ತು. ಬೆಲ್ಲದಲ್ಲಿರುವ ಸಕ್ಕರೆ ಮತ್ತು ಸುಣ್ಣದ ಅಂಶ ಬೇಳೆ ಮೆತ್ತಗಾಗುವುದನ್ನು ತಡೆಯುತ್ತದೆ. ಹುಣಸೆಯ ಹುಳಿಯೂ ಹಾಗೆಯೇ. ಅದಕ್ಕೇ ಸಾಂಬಾರಿಗೂ ಬೇಳೆ ಬೆಂದ ಮೇಲೆ ಹುಳಿ ಹಾಕುವುದು.

ಕೇಸರಿಬಾತ್: ಗಂಟಿಲ್ಲದೆ, ಕಲ್ಲಾಗದೆ

ಎಲ್ಲರಿಗೂ ಬರುತ್ತದೆ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ದಿನ ಕೆಡುತ್ತದೆ. ಮಧ್ಯಮ ರವೆ ಒಂದು ಬಟ್ಟಲು, ಸಕ್ಕರೆ ಒಂದೂವರೆ ಬಟ್ಟಲು, ನೀರು ಮೂರು ಬಟ್ಟಲು, ತುಪ್ಪ ಮುಕ್ಕಾಲು ಬಟ್ಟಲು. ತುಪ್ಪ ಜಾಸ್ತಿ ಅನ್ನಿಸಿದರೆ ಅರ್ಧ ಬಟ್ಟಲಿಗೆ ಇಳಿಸಬಹುದು. ಅದಕ್ಕಿಂತ ಇಳಿಸಿದರೆ ಆರಿದ ಮೇಲೆ ಚಾಕುವಿನಿಂದ ಕತ್ತರಿಸಿ ಕೊಡಬೇಕಾಗುತ್ತದೆ!

ಅರ್ಧ ತುಪ್ಪದಲ್ಲಿ ಗೋಡಂಬಿ, ದ್ರಾಕ್ಷಿ ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ರವೆ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ಬಣ್ಣ ಬದಲಾಗುವ ತನಕ ಕಾಯಬೇಡಿ. ಘಮ ಬಂದರೆ ಸಾಕು. ಪಕ್ಕದ ಒಲೆಯಲ್ಲಿ ನೀರು ಕುದಿಯುತ್ತಿರಲಿ, ನಾಲ್ಕಾರು ಎಸಳು ಕೇಸರಿಯನ್ನು ಬಿಸಿ ಹಾಲಿನಲ್ಲಿ ನೆನೆಸಿಟ್ಟಿರಿ. ಕುದಿಯುವ ನೀರನ್ನು ಒಂದು ಕೈಯಿಂದ ಸುರಿಯುತ್ತಾ ಇನ್ನೊಂದು ಕೈಯಿಂದ ತಿರುಗಿಸಿ. ರವೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ತಣ್ಣೀರು ಹಾಕಿದರೆ ಗಂಟು ಗ್ಯಾರಂಟಿ.

ಮುಚ್ಚಿ ಮೂರು ನಿಮಿಷ ಬೇಯಿಸಿ. ರವೆ ನೀರನ್ನೆಲ್ಲ ಕುಡಿದು ಅರಳಿದ ಮೇಲೆಯೇ ಸಕ್ಕರೆ. ಇದು ಹಯಗ್ರೀವದ್ದೇ ಪಾಠ. ಸಕ್ಕರೆ ಮೊದಲೇ ಬಿದ್ದರೆ ನೀರನ್ನು ಅದು ಹಿಡಿದುಕೊಳ್ಳುತ್ತದೆ, ರವೆ ಅರೆಬೆಂದು ಉಳಿಯುತ್ತದೆ. ಸಕ್ಕರೆ ಹಾಕಿದ ಕೂಡಲೇ ಮಿಶ್ರಣ ನೀರಾಗುತ್ತದೆ, ಹೆದರಬೇಡಿ. ಉಳಿದ ತುಪ್ಪ, ಕೇಸರಿ ಹಾಲು, ಏಲಕ್ಕಿ ಪುಡಿ ಹಾಕಿ ಬಾಣಲೆಯ ಅಂಚು ಬಿಡುವ ತನಕ ತಿರುಗಿಸಿ.

ಮುಂಚೆ ಮಾಡಿಟ್ಟು ಬಿಸಿ ಮಾಡುವ ಉಪಾಯ: ಅರ್ಧ ಬಟ್ಟಲು ಬಿಸಿನೀರು ಚಿಮುಕಿಸಿ, ಒಂದು ಚಮಚ ತುಪ್ಪ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ಆಮೇಲೆ ನಿಧಾನಕ್ಕೆ ಬಿಡಿಸಿ. ಈಗ ತಾನೇ ಇಳಿಸಿದ ಹಾಗೆ ಇರುತ್ತದೆ. ಹೋಟೆಲಿನ ಚೌಚೌ ಬಾತ್ ನೆನಪಾಗಿ ಪಕ್ಕದಲ್ಲಿ ಒಂದು ಸೌಟು ಖಾರಾಬಾತ್ ಇಟ್ಟರೆ ಸಿಹಿ ಖಾರ ಎರಡೂ ಒಂದೇ ತಟ್ಟೆಯಲ್ಲಿ ಮುಗಿಯಿತು. ಆದರೆ ಎರಡೂ ರವೆಯದ್ದೇ, ಹೊಟ್ಟೆ ಬೇಗ ತುಂಬುತ್ತದೆ. ಸಂಜೆಗಿಂತ ಬೆಳಗಿನ ತಿಂಡಿಗೆ ಈ ಜೋಡಿ ಚೆನ್ನ.

ಇನ್ನೆರಡು ಸಿಹಿ, ಚುಟುಕಾಗಿ

ರವೆ ಉಂಡೆಗೆ ಒಂದು ಬಟ್ಟಲು ಚಿರೋಟಿ ರವೆಯನ್ನು ಕಾಲು ಬಟ್ಟಲು ತುಪ್ಪದಲ್ಲಿ ಹುರಿದು, ಅರ್ಧ ಬಟ್ಟಲು ಕೊಬ್ಬರಿ ತುರಿ, ಮುಕ್ಕಾಲು ಬಟ್ಟಲು ಪುಡಿ ಮಾಡಿದ ಸಕ್ಕರೆ, ಏಲಕ್ಕಿ, ದ್ರಾಕ್ಷಿ ಸೇರಿಸಿ. ಬಿಸಿ ಇರುವಾಗಲೇ ಬಿಸಿ ಹಾಲನ್ನು ಚಮಚ ಚಮಚ ಹಾಕಿ ಉಂಡೆ ಕಟ್ಟಿ. ಎರಡು ಮೂರು ಚಮಚ ಹಾಲು ಸಾಕು. ಹಾಲು ಹಾಕಿದ ಉಂಡೆ ಮೂರು ನಾಲ್ಕು ದಿನದಲ್ಲಿ ಖಾಲಿಯಾಗಬೇಕು. ಹಾಲಿನ ಬದಲು ಬಿಸಿ ತುಪ್ಪದಲ್ಲೇ ಕಟ್ಟಿದರೆ ಹತ್ತು ದಿನ ಇಡಬಹುದು.

ಶ್ಯಾವಿಗೆ ಪಾಯಸ ಹಠಾತ್ತಾಗಿ ಬಂದವರಿಗೆ. ಒಂದು ಲೀಟರ್ ಹಾಲಿಗೆ ಅರ್ಧ ಬಟ್ಟಲು ಹುರಿದ ಶ್ಯಾವಿಗೆ, ಅರ್ಧ ಬಟ್ಟಲು ಸಕ್ಕರೆ. ಇಳಿಸುವಾಗ ನೀರು ನೀರಾಗಿದೆ ಅನ್ನಿಸಿದರೆ ಅದೇ ಸರಿ. ಹತ್ತು ನಿಮಿಷದಲ್ಲಿ ಶ್ಯಾವಿಗೆ ಹಾಲು ಹೀರಿ ಗಟ್ಟಿಯಾಗುತ್ತದೆ. ಒಂದು ಲೋಟ ಬಿಸಿ ಹಾಲು ಬೇರೆಯಾಗಿ ಇಟ್ಟುಕೊಂಡಿರಿ, ಬಡಿಸುವಾಗ ಬೇಕಾಗುತ್ತದೆ. ಬೆಲ್ಲ ಹಾಕುವವರು ಒಲೆ ಆರಿಸಿ, ಪಾಯಸ ಉಗುರುಬೆಚ್ಚಗಾದ ಮೇಲೆ ಆರಿದ ಬೆಲ್ಲದ ನೀರು ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯುತ್ತದೆ.

ನುಚ್ಚಿನುಂಡೆ: ಬಾಗಿಲು ಬಡಿದಾಗ ಒಲೆ ಹಚ್ಚುವ ಖಾರ

ಎಣ್ಣೆ ಇಲ್ಲ, ಹಬೆಯದ್ದು. ವಯಸ್ಸಾದವರು ಯೋಚನೆ ಇಲ್ಲದೆ ತಿನ್ನಬಹುದು. ಇದಕ್ಕಿಂತ ದೊಡ್ಡ ಅನುಕೂಲ ಎಂದರೆ ಉಂಡೆ ಕಟ್ಟಿಟ್ಟು ನೀವು ಸೀರೆ ಬದಲಾಯಿಸಲು ಹೋಗಬಹುದು.

ತೊಗರಿಬೇಳೆ ಅರ್ಧ ಬಟ್ಟಲು, ಕಡಲೆಬೇಳೆ ಅರ್ಧ ಬಟ್ಟಲು. ಐದಾರು ಹಸಿಮೆಣಸಿನಕಾಯಿ, ಒಂದು ಇಂಚು ಶುಂಠಿ, ಅರ್ಧ ಬಟ್ಟಲು ಕಾಯಿತುರಿ, ಒಂದು ಬಟ್ಟಲು ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಕರಿಬೇವು, ಇಂಗು, ಉಪ್ಪು.

1. ಬೇಳೆಗಳನ್ನು ಎರಡರಿಂದ ಮೂರು ಗಂಟೆ ನೆನೆಸಿ. ಜಾಲರಿಯಲ್ಲಿ ಹಾಕಿ ಹತ್ತು ನಿಮಿಷ ಬಿಡಿ, ನೀರು ಪೂರ್ತಿ ಇಳಿಯಲಿ.

2. ಮೆಣಸಿನಕಾಯಿ, ಶುಂಠಿ ಜೊತೆ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ. ನೀರು ಹಾಕಲೇಬಾರದು. ಅಲ್ಲೊಂದು ಇಲ್ಲೊಂದು ಇಡೀ ಬೇಳೆ ಉಳಿದರೆ ಇನ್ನೂ ಚೆನ್ನ. ನುಣ್ಣಗೆ ರುಬ್ಬಿದರೆ ಬೆಂದ ಮೇಲೆ ರಬ್ಬರಿನ ಚೆಂಡು. ಇಲ್ಲಿಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಬಹುದು.

3. ನೆಂಟರು ಬರುವ ಅರ್ಧ ಗಂಟೆ ಮುಂಚೆ ಸೊಪ್ಪು, ಕಾಯಿ, ಉಪ್ಪು, ಇಂಗು ಕಲಸಿ. ಮುಂಚೆಯೇ ಕಲಸಿದರೆ ಉಪ್ಪಿಗೆ ಸೊಪ್ಪು ನೀರು ಬಿಡುತ್ತದೆ. ಮುಷ್ಟಿಯಲ್ಲಿ ಒತ್ತಿ ಉದ್ದುದ್ದ ಉಂಡೆ ಮಾಡಿ, ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಜೋಡಿಸಿ. ಹದಿನಾಲ್ಕು ಹದಿನಾರು ಉಂಡೆ ಆಗುತ್ತದೆ.

4. ಪಾತ್ರೆಯಲ್ಲಿ ನೀರು ಕುದ್ದ ಮೇಲೆ ತಟ್ಟೆ ಇಟ್ಟು ಹದಿನೈದು ನಿಮಿಷ ಬೇಯಿಸಿ. ಮುಟ್ಟಿದರೆ ಬೆರಳಿಗೆ ಅಂಟದಿದ್ದರೆ ಬೆಂದಿದೆ.

ಬಿಸಿ ಉಂಡೆ ಮುರಿದು ಮೇಲೆ ತುಪ್ಪ ಹಾಕಿ ಕೊಡಿ. ಮಜ್ಜಿಗೆ ಹುಳಿ ಇದ್ದರೆ ಕೇಳುವುದೇ ಬೇಡ. ಇಲ್ಲದಿದ್ದರೆ ಕಾಯಿ ಚಟ್ನಿ. ಚಟ್ನಿ ರುಬ್ಬಿ ಫ್ರಿಜ್ಜಿನಲ್ಲಿಡಿ, ಒಗ್ಗರಣೆ ಮಾತ್ರ ಬಡಿಸುವ ಮುಂಚೆ. ಸೆಕೆಗಾಲದಲ್ಲಿ ಕಾಯಿ ಚಟ್ನಿಯನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ, ಹಳಸುತ್ತದೆ.

ಗೊಜ್ಜವಲಕ್ಕಿ: ಕಾಯುವ ಖಾರ

ಖಾರ ಕಾಯುವುದಿಲ್ಲ ಅಂದೆನಲ್ಲ, ಇದು ಹೊರತು. ಮಾಡಿದ ಒಂದು ಗಂಟೆಗೆ ಹುಳಿ, ಸಿಹಿ, ಖಾರ ಒಂದಕ್ಕೊಂದು ಹೊಂದಿಕೊಂಡು ನಿಜವಾದ ರುಚಿ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಬಂದರೂ ಚಿಂತೆ ಇಲ್ಲ.

ಗಟ್ಟಿ ಅವಲಕ್ಕಿ ಎರಡು ಬಟ್ಟಲು ತೆಗೆದುಕೊಂಡು ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿ. ದಪ್ಪ ರವೆಯ ಹಾಗೆ ಇರಬೇಕು. ಹಿಟ್ಟಾದರೆ ಮುದ್ದೆಯಾಗುತ್ತದೆ. ನಿಂಬೆ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ ಒಂದು ಬಟ್ಟಲು ರಸ ಮಾಡಿ. ಅದಕ್ಕೆ ಎರಡು ಚಮಚ ಸಾರಿನ ಪುಡಿ, ಎರಡು ಚಮಚ ಬೆಲ್ಲ, ಉಪ್ಪು ಕದಡಿ. ನೆಕ್ಕಿ ನೋಡಿದರೆ ಎಲ್ಲವೂ ಸ್ವಲ್ಪ ಜಾಸ್ತಿ ಅನ್ನಿಸಬೇಕು, ಅವಲಕ್ಕಿ ಹೀರಿದ ಮೇಲೆ ಸರಿಹೋಗುತ್ತದೆ. ಈ ರಸವನ್ನು ಅವಲಕ್ಕಿಗೆ ಹಾಕಿ ಬೆರಳ ತುದಿಯಲ್ಲಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ.

ಎಣ್ಣೆ ನಾಲ್ಕು ಚಮಚ. ಕಡಲೆಕಾಯಿ ಬೀಜವನ್ನು ಮೊದಲು ಹುರಿಯಿರಿ, ಅದಕ್ಕೆ ಸಮಯ ಬೇಕು. ಆಮೇಲೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಧಾರಾಳವಾಗಿ ಇಂಗು. ನೆನೆದ ಅವಲಕ್ಕಿಯನ್ನು ಉದುರಿಸಿ ಹಾಕಿ, ಎರಡು ನಿಮಿಷ ಬೆಚ್ಚಗಾಗುವಷ್ಟು ಕೈಯಾಡಿಸಿ. ಕೊಬ್ಬರಿ ತುರಿ ಉದುರಿಸಿ ಮುಗಿಸಿ. ಒಣಗಿದ ಹಾಗೆ ಕಂಡರೆ ಬಿಸಿನೀರು ಚಿಮುಕಿಸಿ ಮುಚ್ಚಿಡಿ, ಸುಮ್ನೆ ಎಣ್ಣೆ ಸುರಿಯಬೇಡಿ.

ಡಬ್ಬಿಯಲ್ಲಿ ಇರಬೇಕಾದ ಎರಡು

ಒಂದು, ನಿಪ್ಪಟ್ಟು. ಅಕ್ಕಿಹಿಟ್ಟು ಎರಡು ಬಟ್ಟಲು, ಹುರಿಗಡಲೆ ಪುಡಿ ಕಾಲು ಬಟ್ಟಲು, ಮೈದಾ ಕಾಲು ಬಟ್ಟಲು, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಕಾಲು ಬಟ್ಟಲು, ಎಳ್ಳು, ಅಚ್ಚಖಾರದ ಪುಡಿ, ಕರಿಬೇವು, ಇಂಗು, ಉಪ್ಪು. ಮೂರು ಚಮಚ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಹಾಕಿ ಮೊದಲು ಉಜ್ಜಿ ಬೆರೆಸಿ. ನೀರು ಆಮೇಲೆ, ಅದೂ ಗಟ್ಟಿ ಹಿಟ್ಟಾಗುವಷ್ಟೇ. ತೆಳ್ಳಗೆ ತಟ್ಟಿ, ಮುಳ್ಳು ಚಮಚದಿಂದ ಅಲ್ಲಲ್ಲಿ ಚುಚ್ಚಿ. ಚುಚ್ಚದಿದ್ದರೆ ಪೂರಿಯ ಹಾಗೆ ಉಬ್ಬಿ ಆಮೇಲೆ ಮೆತ್ತಗಾಗುತ್ತದೆ. ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ, ಎಣ್ಣೆಯ ಗುಳ್ಳೆ ನಿಲ್ಲುವ ತನಕ ಕರಿಯಿರಿ. ಪೂರ್ತಿ ಆರದೆ ಡಬ್ಬಿಗೆ ಹಾಕಿದಿರೋ, ಒಳಗೆ ಬೆವರು ಕಟ್ಟಿ ಕೆಟ್ಟಿತು. ಆರಿಸಿಟ್ಟರೆ ಎರಡು ವಾರ ಗರಿಗರಿ.

ಇನ್ನೊಂದು, ರವೆ ಇಡ್ಲಿಯ ಒಣ ಮಿಶ್ರಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಅಕ್ಕಿ ನೆನೆಸಿಲ್ಲ, ಹಿಟ್ಟು ಹುಳಿ ಬಂದಿಲ್ಲ, ಬಾಗಿಲಲ್ಲಿ ಜನ ನಿಂತಿದ್ದಾರೆ ಎಂಬ ನಮ್ಮ ಕಷ್ಟಕ್ಕೂ ಅದೇ ಪರಿಹಾರ. ಒಂದು ಬಟ್ಟಲು ಮಧ್ಯಮ ರವೆಯನ್ನು ಸಾಸಿವೆ, ಕಡಲೆಬೇಳೆ, ಗೋಡಂಬಿ, ಕರಿಬೇವಿನ ಒಗ್ಗರಣೆಯಲ್ಲಿ ಹುರಿದು, ಆರಿಸಿ ಡಬ್ಬಿಗೆ ತುಂಬಿ. ಕರಿಬೇವು ಗರಿಗರಿಯಾಗಿ ಒಣಗಿರಬೇಕು. ಬೇಕಾದಾಗ ಒಂದು ಬಟ್ಟಲು ಮೊಸರು, ಕಾಲು ಬಟ್ಟಲು ನೀರು, ಉಪ್ಪು ಕಲಸಿ ಇಪ್ಪತ್ತು ನಿಮಿಷ ಬಿಡಿ. ಗಟ್ಟಿಯಾಗಿದ್ದರೆ ಇನ್ನಷ್ಟು ನೀರು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆಯೇ ಅರ್ಧ ಚಮಚ ಈನೋ ಹಾಕಿ, ಮೆಲ್ಲಗೆ ಕಲಸಿ, ತಕ್ಷಣ ತಟ್ಟೆಗೆ ಹಾಕಿ. ಈನೋ ಹಾಕಿ ಫೋನ್ ಎತ್ತಿಕೊಂಡಿರೋ, ಗುಳ್ಳೆ ಎಲ್ಲ ಹೋಗಿ ಇಡ್ಲಿ ಕಲ್ಲಾಗುತ್ತದೆ. ಹನ್ನೆರಡು ನಿಮಿಷದ ಹಬೆ ಸಾಕು.

ಬಜ್ಜಿ ಮಾಡಲೇಬೇಕು ಅಂತಿದ್ದರೆ

ಮಳೆ ಬರುತ್ತಿದೆ, ನೆಂಟರು ನಾಲ್ಕೇ ಜನ. ಆಗ ಬೇಡ ಅನ್ನಲು ನನಗೂ ಮನಸ್ಸಿಲ್ಲ. ಕಡಲೆಹಿಟ್ಟು ಒಂದು ಬಟ್ಟಲಿಗೆ ಅಕ್ಕಿಹಿಟ್ಟು ಎರಡು ಚಮಚ, ಓಂಕಾಳು, ಖಾರದ ಪುಡಿ, ಉಪ್ಪು. ಅಕ್ಕಿಹಿಟ್ಟು ಗರಿಗರಿ ಕೊಡುತ್ತದೆ. ಸೋಡಾ ಒಂದು ಚಿಟಿಕೆ ಮೀರಬಾರದು, ಮೀರಿದರೆ ಬಜ್ಜಿ ಎಣ್ಣೆ ಕುಡಿಯುತ್ತದೆ. ಹಿಟ್ಟು ಇಡ್ಲಿ ಹಿಟ್ಟಿನ ಹದ. ಎಣ್ಣೆ ಕಾದಿದೆಯೇ ಅಂತ ಒಂದು ಹನಿ ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಹೋಗಿ ತಕ್ಷಣ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಕಾದಿಲ್ಲ, ಬಿದ್ದ ಕೂಡಲೇ ಕಪ್ಪಾದರೆ ಜಾಸ್ತಿ ಕಾದಿದೆ. ಹಿಟ್ಟು ಕಲಸುವುದು, ಬಾಳೆಕಾಯಿ ಹೆಚ್ಚುವುದು ಮುಂಚೆ ಬೇಡ. ಒಣ ಹಿಟ್ಟು, ಮಸಾಲೆ ಒಂದು ಪಾತ್ರೆಯಲ್ಲಿ ಬೆರೆಸಿಟ್ಟಿರಿ ಸಾಕು. ಅಡುಗೆಮನೆಯಲ್ಲೇ ನಾಲ್ಕು ಕುರ್ಚಿ ಹಾಕಿ ಎಲ್ಲರನ್ನೂ ಅಲ್ಲೇ ಕೂರಿಸಿಕೊಳ್ಳಿ. ಬಜ್ಜಿ ಬಾಣಲೆಯಿಂದ ತಟ್ಟೆಗೆ, ಮಾತೂ ನಿಲ್ಲುವುದಿಲ್ಲ.

ಚುರುಮುರಿಯೂ ಇದೇ ಜಾತಿ. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ ಬೇರೆ ಬೇರೆ ಬಟ್ಟಲಲ್ಲಿ ಇರಲಿ. ತಟ್ಟೆ ಕೈಯಲ್ಲಿ ಹಿಡಿದ ಮೇಲೆ ಪುರಿ, ಖಾರದ ಪುಡಿ, ಉಪ್ಪು, ಕೊಬ್ಬರಿ ಎಣ್ಣೆ, ನಿಂಬೆರಸ ಹಾಕಿ ಕಲಸಿ. ಕಲಸಿದ ಐದು ನಿಮಿಷಕ್ಕೆ ಅದು ಮುಗಿದ ಕತೆ.

ಬಂದವರು ಯಾರು ಅಂತಲೂ ನೋಡಿ

ಕರೆಯುವಾಗಲೇ ಒಂದು ಮಾತು ಕೇಳಿಬಿಡಿ: "ಏನಾದ್ರೂ ತಿನ್ನದೇ ಇರೋದು ಇದೆಯಾ?" ಇದರಲ್ಲಿ ಸಂಕೋಚ ಏನೂ ಇಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ "ಬೆಲ್ಲದ್ದು ಕಣ್ರೀ, ಏನೂ ಆಗಲ್ಲ" ಅಂತ ಬಲವಂತ ಮಾಡಬೇಡಿ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಅವರ ತಟ್ಟೆಗೆ ಎರಡು ನುಚ್ಚಿನುಂಡೆ ಜಾಸ್ತಿ ಹಾಕಿ, ಸಿಹಿ ಅರ್ಧ ಚಮಚ ಸಾಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಗೋಡಂಬಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ಗೊಜ್ಜವಲಕ್ಕಿಯಲ್ಲಿ ಅವರ ಪಾಲನ್ನು ಬೀಜ ಹಾಕುವ ಮುಂಚೆ ತೆಗೆದಿಡಿ.

ಐದು ಗಂಟೆಗೆ ಆರು ಜನ: ಒಂದು ದಿನದ ಲೆಕ್ಕ

ಹಯಗ್ರೀವ, ನುಚ್ಚಿನುಂಡೆ, ಡಬ್ಬಿಯ ನಿಪ್ಪಟ್ಟು, ಕಾಫಿ. ಇದು ನನ್ನ ಖಾಯಂ ಪಟ್ಟಿ.

ಬೆಳಿಗ್ಗೆ ಅಡುಗೆಯ ಜೊತೆಗೇ ಹಯಗ್ರೀವ ಮುಗಿಸಿ. ಹೇಗೂ ಕುಕ್ಕರ್ ಇಡುತ್ತೀರಿ. ಹನ್ನೆರಡಕ್ಕೆ ನುಚ್ಚಿನುಂಡೆಯ ಬೇಳೆ ನೆನೆಸಿ, ಸೊಪ್ಪು ಬಿಡಿಸಿಡಿ. ಮೂರಕ್ಕೆ ರುಬ್ಬಿ, ಚಟ್ನಿಯೂ ಅದೇ ಮಿಕ್ಸಿಯಲ್ಲಿ ಆಗಲಿ. ಪಾತ್ರೆಗಳನ್ನು ತೊಳೆದುಬಿಡಿ, ತುಂಬಿದ ಸಿಂಕ್ ನೋಡಿದರೆ ಮುಂದಿನ ಕೆಲಸಕ್ಕೆ ಕೈ ಏಳುವುದಿಲ್ಲ. ನಾಲ್ಕು ಕಾಲಿಗೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಕುದಿಯುವ ನೀರು ಸುರಿಯಿರಿ. ಡಿಕಾಕ್ಷನ್ ಇಳಿಯಲು ಅರ್ಧ ಗಂಟೆ ಬೇಕು, ಮೇಲೆ ಒತ್ತಿ ಅವಸರ ಮಾಡಿದರೆ ಪುಡಿ ಕೆಳಗೆ ಬರುತ್ತದೆ. ನಾಲ್ಕೂವರೆಗೆ ಉಂಡೆ ಕಟ್ಟಿ, ಇಡ್ಲಿ ಪಾತ್ರೆಗೆ ನೀರು ಹಾಕಿ ಒಲೆಯ ಮೇಲೆ ಸಿದ್ಧವಾಗಿಡಿ. ಆಮೇಲೆ ಮುಖ ತೊಳೆದುಕೊಳ್ಳಿ.

ಬೆಲ್ ಹೊಡೆದಾಗ ಒಲೆ ಹಚ್ಚಿ, ನೀರು ಕುದ್ದ ಕೂಡಲೇ ತಟ್ಟೆ ಇಡಿ. ಕುಡಿಯಲು ನೀರು ಕೊಟ್ಟು, ಊರಿನ ಸಮಾಚಾರ ಕೇಳಿ, ಬಟ್ಟಲಲ್ಲಿ ಹಯಗ್ರೀವ ಕೊಡುವ ಹೊತ್ತಿಗೆ ಹಬೆ ತನ್ನ ಕೆಲಸ ಮಾಡುತ್ತಿರುತ್ತದೆ. ಸಿಹಿ ಮುಗಿಯುವಾಗ ನುಚ್ಚಿನುಂಡೆ ಬೆಂದಿರುತ್ತದೆ. ನೀವು ಒಳಗೆ ಹೋಗುವುದು ಒಲೆ ಆರಿಸಿ ತಟ್ಟೆ ಎತ್ತಿಕೊಂಡು ಬರಲು ಮಾತ್ರ. ಕಾಫಿ ಕೊನೆಗೆ, ಖಾರ ಆದ ಮೇಲೆ. ಸಿಹಿಯ ಹಿಂದೆಯೇ ಕೊಟ್ಟರೆ ಎಂಥ ಕಾಫಿಯೂ ಕಹಿ ಅನ್ನಿಸುತ್ತದೆ.

ಉಳಿದದ್ದರ ವಿಚಾರ. ಹಯಗ್ರೀವ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ, ತಿನ್ನುವಾಗ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ನುಚ್ಚಿನುಂಡೆಯನ್ನು ಪುಡಿ ಮಾಡಿ ಸಾಸಿವೆ, ಈರುಳ್ಳಿ ಒಗ್ಗರಣೆ ಕೊಟ್ಟರೆ ಮಾರನೇ ದಿನದ ಪಲ್ಯ. ನಿಪ್ಪಟ್ಟನ್ನು ಹೊರಡುವವರ ಕೈಗೆ ನಾಲ್ಕು ನಾಲ್ಕು ಕಟ್ಟಿಕೊಡಿ. ಇನ್ನು ಅವತ್ತಿನ ರಾತ್ರಿ ಊಟಕ್ಕೆ ಬೆಳಿಗ್ಗೆ ಬಸಿದಿಟ್ಟ ಕಡಲೆಬೇಳೆ ಕಟ್ಟು ಇದ್ದೇ ಇದೆ. ಸ್ವಲ್ಪ ಹುಣಸೆರಸ, ಚೂರು ಬೆಲ್ಲ, ಸಾರಿನ ಪುಡಿ ಹಾಕಿ ಕುದಿಸಿ ಇಂಗಿನ ಒಗ್ಗರಣೆ ಕೊಡಿ. ಅನ್ನ ಒಂದು ಇಟ್ಟರೆ ಆಯಿತು.